ಹದಿನಾಲ್ಕನೇ ರೂಟಿಗೆ ಮಾತ್ರ ಗೊತ್ತಿದ್ದ ಮಾತು

"ಎರಡು ವರ್ಷಕ್ಕೆ ಬೇರೆ ಊರಿನ ಬ್ರಾಂಚಿಗೆ ಕರೀತಿದಾರೆ. ಶುಕ್ರವಾರ ಸಂಜೆ ಒಳಗೆ ಸಹಿ ಹಾಕ್ಬೇಕು. ನೀವು ಬೇಡ ಅಂದ್ರೆ ಹೋಗಲ್ಲ. ನನ್ನನ್ನ ಕಂಡ್ರೆ ಇಷ್ಟಾನಾ, ಹೇಳಿ."

ಸೋಮವಾರ ಆಫೀಸಿನ ಲಿಫ್ಟಿನಲ್ಲಿ ಪಕ್ಕದ ಸೀಟಿನವನು ಹೀಗೆ ನೇರವಾಗಿ ಕೇಳಿದಾಗ ಅವಳು ಇಳಿಯುವ ಅಂಕಿಗಳನ್ನೇ ನೋಡುತ್ತ ನಿಂತಳು. ಇಷ್ಟವೇನು, ಅವನೆಂದರೆ ಅವಳಿಗೆ ಪ್ರಾಣ. ಆದರೆ ಆಫೀಸಿನವರು ಅವಳಿಗೆ ಮೌನಗೌರಿ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

"ಈಗ್ಲೇ ಬೇಡ, ಶುಕ್ರವಾರದೊಳಗೆ ಸಾಕು. ಮತ್ತೆ ಕೇಳಲ್ಲ, ನೀವೇ ಹೇಳಿ," ಎಂದು ನಕ್ಕು ಅವನು ಇಳಿದುಹೋದ.

ಅವನ ಅಡ್ಡಹೆಸರು ಪ್ರಶ್ನೆಪತ್ರಿಕೆ. ಕೇಳುವುದೇ ಅವನ ಕೆಲಸ. ಅವರು ನೋಡಿಕೊಳ್ಳುತ್ತಿದ್ದದ್ದು ಒಂದು ಬಸ್ ಕಂಪನಿಯ ಪ್ರೋಗ್ರಾಂ. ಒಂದೊಂದು ರೂಟಿಗೂ ಅದರೊಳಗೆ ಒಂದೊಂದು ಆಬ್ಜೆಕ್ಟ್, ಆ ರೂಟಿನ ವಿವರ, ಕೆಲಸ ಎಲ್ಲ ಹೊತ್ತ ಒಂದು ತುಣುಕು. ಅದನ್ನು ಬರೆದಿದ್ದ ಭಾಷೆಯ ಗುಣವೇ ಹಾಗೆ: ಪ್ರೋಗ್ರಾಂ ಓಡುತ್ತಿರುವಾಗಲೇ ಯಾವ ಆಬ್ಜೆಕ್ಟನ್ನಾದರೂ ಮಾತಾಡಿಸಬಹುದು. ನೀನು ಯಾವ ಕ್ಲಾಸಿಗೆ, ಯಾವ ಅಚ್ಚಿಗೆ ಸೇರಿದ್ದು? ಹೊಟ್ಟೆಯಲ್ಲಿ ಏನಿಟ್ಟುಕೊಂಡಿದ್ದೀಯ? ಏನೇನು ಮೆಥಡ್ ಇದೆ ನಿನ್ನ ಹತ್ತಿರ, ಯಾವ ಯಾವ ಕೆಲಸ ಬರುತ್ತದೆ? ಕೇಳಿದ್ದಕ್ಕೆಲ್ಲ ಅದು ಪಟ್ಟಿ ಕೊಡುತ್ತದೆ, ನಾಚಿಕೆಯಿಲ್ಲದೆ. ಅವಳಿಗೆ ಆ ಆಬ್ಜೆಕ್ಟುಗಳ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು.

ಆ ಪ್ರೋಗ್ರಾಂ ನಿಲ್ಲದೆ ಓಡಿ ವರ್ಷದ ಮೇಲಾಗಿತ್ತು. ಅವಸರದಲ್ಲಿ ಯಾರ್‍ಯಾರೋ ಯಾವುದೋ ಒಂದು ರೂಟಿಗೆ ಮಾತ್ರ ಹೊಸ ಮೆಥಡ್ ಸೇರಿಸಿಬಿಡುತ್ತಿದ್ದರು, ಫೈಲಿನಲ್ಲಿ ಬರೆಯದೆ. ಪ್ರೋಗ್ರಾಂ ನಿಂತರೆ ಅಂಥವು ಗುರುತಿಲ್ಲದೆ ಅಳಿಯುತ್ತವೆ. ಅದಕ್ಕೇ, ನಿಲ್ಲಿಸುವ ಮೊದಲು ಒಂದೊಂದು ರೂಟನ್ನೂ ಕೇಳಿ ಬರೆದುಕೊಳ್ಳಬೇಕೆಂದು ಟೀಮಿನಲ್ಲಿ ಒಂದು ಪದ್ಧತಿ.

ಈಗ ಹೊಸ ಪ್ರೋಗ್ರಾಂ ಸಿದ್ಧವಾಗಿ, ಹಳೆಯದನ್ನು ನಿಲ್ಲಿಸಲು ಶುಕ್ರವಾರ ಮಧ್ಯಾಹ್ನ ಮೂರು ಗಂಟೆ ಎಂದು ನಿಗದಿಯಾಗಿತ್ತು. ನಿಲ್ಲಿಸುವವನು ಅವನೇ. ಅಂದು ಬೆಳಗ್ಗೆ ಅವಳು ಎಲ್ಲರಿಗಿಂತ ಮುಂಚೆ ಬಂದು, ಅವರಿಬ್ಬರೂ ದಿನಾ ಹತ್ತುವ ಹದಿನಾಲ್ಕನೇ ರೂಟಿಗೆ ಒಂದು ಮೆಥಡ್ ಸೇರಿಸಿದಳು. ಅದರ ಹೆಸರು 'ಹೋಗಬೇಡಿ'. ಪಟ್ಟಿಯಲ್ಲಿ ಅವನ ಕಣ್ಣಿಗೆ ಬಿದ್ದೇ ಬೀಳುತ್ತದೆ, ಬಾಯಿ ತೆರೆಯುವ ಕಷ್ಟ ತಪ್ಪಿತು ಎಂದುಕೊಂಡಳು.

ಮೂರಕ್ಕೆ ಅವನು ಕೂತ. ಮ್ಯಾನೇಜರ್ ಬೆನ್ನ ಹಿಂದೆಯೇ ನಿಂತು, "ಬೇಗ ಮುಗಿಸಪ್ಪಾ, ಕಂಪನಿಯವರು ಲೈನಲ್ಲೇ ಇದಾರೆ," ಎಂದರು.

ಅವನು ಒಂದು ಸಾಲು ಟೈಪ್ ಮಾಡಿದ. ಪಕ್ಕದಿಂದ ನೋಡುತ್ತಿದ್ದ ಅವಳು ಆ ಸಾಲನ್ನು ಮತ್ತೊಮ್ಮೆ ಓದಿದಳು. ಅವನು ರೂಟುಗಳನ್ನು ಕೇಳಿರಲಿಲ್ಲ. ಅವುಗಳಿಗೆಲ್ಲ ಒಂದೇ ಅಚ್ಚಾದ ಕ್ಲಾಸನ್ನು ಕೇಳಿದ್ದ. ಎಲ್ಲ ರೂಟಿಗೂ ಇರುವುದಷ್ಟೇ ಆ ಪಟ್ಟಿಯಲ್ಲಿ ಬರುತ್ತದೆ. ಒಂದಕ್ಕೇ ಇರುವುದು ಬರುವುದಿಲ್ಲ.

"ಒಂದೊಂದನ್ನೂ... ಕೇಳಲ್ವಾ?" ಅವಳ ದನಿ ಅವಳಿಗೇ ಕೇಳಿಸಲಿಲ್ಲ.

ಅವನಿಗೆ ಕೇಳಿಸಿತು. ತಿರುಗಿ ನೋಡಿದ. ವಾರವಿಡೀ ನಿದ್ದೆಗೆಟ್ಟ ಕಣ್ಣು. ಆ ನೋಟ ಅವಳ ಮುಖದ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಿತು. "ಅರವತ್ತು ರೂಟಿದೆ, ಟೈಮ್ ಇಲ್ಲ. ಯಾಕೆ, ಏನಾದ್ರೂ ಇದ್ಯಾ?"

ಮ್ಯಾನೇಜರ್ ಅವಳನ್ನು ನೋಡಿದರು. ಇಡೀ ಕೋಣೆಯೇ ನೋಡಿದಂತಾಯಿತು.

"ಏನಿಲ್ಲ," ಎಂದಳು.

ಅವನು ಪ್ರೋಗ್ರಾಂ ನಿಲ್ಲಿಸಿದ.

ನಾಲ್ಕೂವರೆಗೆ ಅವನು ಮ್ಯಾನೇಜರ್ ಕೋಣೆಯಿಂದ ಹೊರಬಂದಾಗ ಕೈಯಲ್ಲಿ ಸಹಿ ಹಾಕಿದ ವರ್ಗಾವಣೆ ಪತ್ರದ ಪ್ರತಿ ಇತ್ತು. ಅದನ್ನು ಕಂಡದ್ದೇ ಅವಳ ಬಾಯಿ ತಾನಾಗಿ ತೆರೆಯಿತು. "ಹದಿನಾಲ್ಕನೇದರಲ್ಲಿ ಹೋಗಬೇಡಿ ಅಂತ ಬರೆದಿದ್ದೆ. ನೀವು ಕ್ಲಾಸನ್ನ ಕೇಳಿದ್ರಿ."

ಅವನು ಅಲ್ಲೇ ನಿಂತ. ತನ್ನ ತಪ್ಪು ಅವನಿಗೆ ಅರ್ಥವಾಯಿತು. ಮೆತ್ತಗೆ, "ನಾನು ನಿಮ್ಮನ್ನ ಕೇಳಿದ್ದೆ," ಎಂದ. "ಲಿಫ್ಟಲ್ಲಿ. ಇವತ್ತು ಇನ್ನೊಂದ್ಸಲ, ಏನಾದ್ರೂ ಇದ್ಯಾ ಅಂತ."

"ಪತ್ರ ವಾಪಸ್ ತಗೊಳ್ಳೋಕೆ ಆಗಲ್ವಾ?"

"ಸಹಿ ಹಾಕಿದ ಕೂಡ್ಲೇ ನನ್ನ ಜಾಗಕ್ಕೆ ಬೇರೆಯವರನ್ನ ತಗೊಂಡಾಯ್ತು."

"ಎರಡು ವರ್ಷ ತಾನೇ. ಕಾಯ್ತೀನಿ." ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

ಅವನು ಅವಳ ಕೈ ಹಿಡಿದುಕೊಂಡ, ಇದೇ ಮೊದಲ ಸಲ. ಬೆರಳುಗಳನ್ನು ಒಂದೊಂದಾಗಿ ನೋಡಿದ, ನೆನಪಿಟ್ಟುಕೊಳ್ಳುವವನಂತೆ. "ಬೇಡ. ಎದುರಿಗಿದ್ದಾಗ್ಲೇ ನಿಮ್ಮ ಮನಸ್ಸು ತಿಳೀಲಿಲ್ಲ ನನಗೆ. ಫೋನಲ್ಲಿ ನೀವು ಸುಮ್ನಿದ್ರೆ, ಅದು ಹೂಂ ಅಂತಾನೋ ಊಹೂಂ ಅಂತಾನೋ ಅಂತ ಎರಡು ವರ್ಷ ಒದ್ದಾಡೋ ಶಕ್ತಿ ನನಗಿಲ್ಲ."

ಆಡಬೇಕಾದ ಮಾತು ಈಗ ಒಂದಲ್ಲ, ನೂರು ಬಂದವು ಅವಳಿಗೆ. ಎಲ್ಲವನ್ನೂ ಆಡಿದಳು, ಅಳುತ್ತ, ಯಾರು ನೋಡುತ್ತಿದ್ದಾರೆಂದೂ ಲೆಕ್ಕಿಸದೆ. ಅವನು ಒಂದನ್ನೂ ತಡೆಯದೆ, ಕೊನೆಯವರೆಗೂ ಕೇಳಿಸಿಕೊಂಡ. ಆಮೇಲೆ ಅವಳ ಕೈಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಬ್ಯಾಗ್ ತೆಗೆದುಕೊಂಡು ಹೊರಟ.