ಕಿಟಕಿಯ ಮೇಲಿನ ತೊಲೆ

"ಈ ಮನೇಲಿ ಇರೋದು ಮನುಷ್ಯರಾ, ದೆವ್ವಗಳಾ?"

ನಕ್ಷೆಯ ಹಾಳೆಗಳು ಮೇಜಿನ ಮೇಲೆ ಧಪ್ಪೆಂದು ಬಿದ್ದವು. ಅವುಗಳಿಂದ ಹಾರಿದ ಮರದ ಹೊಟ್ಟು ಅವಳ ಕೀಬೋರ್ಡಿನ ಮೇಲೆಲ್ಲ ಹರಡಿತು.

ಅವಳು ಬೆಚ್ಚಿ ತಲೆಯೆತ್ತಿದಳು. ಎತ್ತರದ ಆಳು, ಕಿವಿಯ ಸಂದಿಯಲ್ಲಿ ಪೆನ್ಸಿಲ್, ಕಣ್ಣಲ್ಲಿ ಕೆಂಡ!

"ಯಾರು ನೀವು?"

"ನೀವಿಲ್ಲಿ ನೆರಳಲ್ಲಿ ಕೂತು ಬಿಡಿಸಿದ್ದನ್ನ ಅಲ್ಲಿ ಬಿಸಿಲಲ್ಲಿ ನಿಂತು ಕಟ್ಟೋನು. ನೋಡಿ ಇಲ್ಲಿ... ಮೆಟ್ಟಿಲಿಗೆ ಅಡ್ಡವಾಗಿ ತೊಲೆ ಹಾಕಿದೀರಿ. ಏಳನೇ ಮೆಟ್ಟಿಲು ಹತ್ತೋಷ್ಟರಲ್ಲಿ ಹಣೆ ಒಡೆಯುತ್ತೆ. ದೆವ್ವ ಆದ್ರೆ ತೂರ್ಕೊಂಡು ಹೋದೀತು, ಬಿಡಿ!"

"ಕಂಪ್ಯೂಟರ್ ಯಾವ ತಪ್ಪೂ ತೋರಿಸ್ಲಿಲ್ವಲ್ಲ..."

"ಅದಕ್ಕೆ ತಲೆ ಎಲ್ಲಿದೆ ಮೇಡಂ, ಬಡಿಸ್ಕೊಳ್ಳೋಕೆ?"

ಗಲಾಟೆ ಕೇಳಿ ಯಜಮಾನರು ಒಳಕೋಣೆಯಿಂದ ಬಂದರು. ಹಾಳೆ ನೋಡಿದರು, ಕನ್ನಡಕ ತೆಗೆದರು. "ಇಂಥದ್ದು ಇನ್ನೊಂದು ಆದ್ರೆ ನೀನು ಬೇರೆ ಕಡೆ ಕೆಲಸ ನೋಡ್ಕೋಬೇಕಾಗುತ್ತಮ್ಮ. ಮತ್ತೆ ಹೇಳಲ್ಲ."

ಅವಳು ತುಟಿ ಕಚ್ಚಿ ಪರದೆಯ ಕಡೆ ತಿರುಗಿದಳು. ಎದುರಿಗಿದ್ದವನಿಗೆ ಆ ಒದ್ದೆ ಕಣ್ಣು ಕಂಡೇಬಿಟ್ಟಿತು. ಅವನ ದನಿ ಒಮ್ಮೆಲೇ ಇಳಿಯಿತು. "ಒಂದು ತೊಲೆ ತಾನೇ ಸಾರ್... ಎರಡಡಿ ಮೇಲಕ್ಕೆತ್ತಿದ್ರೆ ಆಯ್ತು."

ಅವನು ಮರದ ಕೆಲಸದ ಮೇಸ್ತ್ರಿ. ಸಾಲು ಕಿಂಚಿತ್ ಓರೆಯಾದರೂ ಬಿಚ್ಚಿಸಿ ಮತ್ತೆ ಕಟ್ಟಿಸುತ್ತಿದ್ದ. ಅದಕ್ಕೇ ಕೆಲಸಗಾರರು, ಮೂಲೆ ನೇರವಿದೆಯಾ ಎಂದು ನೋಡುವ ಬಡಗಿಯ ಉಪಕರಣದ ಹೆಸರು ಹಿಡಿದು, ಬೆನ್ನ ಹಿಂದೆ ಅವನನ್ನು 'ಮೂಲೆಮಟ್ಟ' ಎನ್ನುತ್ತಿದ್ದರು.

ಅವಳಿಗೋ ಅಡ್ಡಹೆಸರು ಇಡುವಷ್ಟು ಸಲಿಗೆಯವರೂ ಇರಲಿಲ್ಲ.

ಮೂವತ್ತಮೂರು ವರ್ಷ. ನಾಲ್ಕು ವರ್ಷ ಹಾಸಿಗೆ ಹಿಡಿದಿದ್ದ ಅಮ್ಮನನ್ನು ನೋಡಿಕೊಂಡಳು, ಆಮೇಲೆ ಅಮ್ಮನೂ ಹೋದಳು. ಅಕ್ಕ ದೂರದ ಊರಿನಲ್ಲಿ ತನ್ನ ಸಂಸಾರದೊಳಗೆ ಮುಳುಗಿದ್ದಳು. ಅವಳಿಗೆ ಉಳಿದದ್ದು ಒಂದು ಬಾಡಿಗೆ ಕೋಣೆ, ಒಂದು ತಟ್ಟೆ, ಒಂದು ಲೋಟ... ಮತ್ತೆ ಈ ಕಂಪ್ಯೂಟರ್.

ದಿನವಿಡೀ ಅದರಲ್ಲಿ ಮನೆ ಕಟ್ಟುತ್ತಿದ್ದಳು. ಪಾಯದ ಮೇಲೆ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಮಾಡು. ಮೌಸ್ ತಿರುಗಿಸಿದರೆ ಮರದ ಅಸ್ಥಿಪಂಜರವೆಲ್ಲ ಗಿರ್ರನೆ ತಿರುಗುತ್ತಿತ್ತು. ಮಕ್ಕಳ ಕೋಣೆಗೆ ಬೆಳಕು ಎಲ್ಲಿಂದ ಬರಬೇಕು, ಅಜ್ಜಿ ಎಲ್ಲಿ ಕೂತರೆ ಬಾಗಿಲು ಕಾಣುತ್ತದೆ, ಎಲ್ಲ ಯೋಚಿಸುತ್ತಿದ್ದಳು. ಎಲ್ಲವೂ ಬೇರೆಯವರಿಗೆ.

'ಇಷ್ಟು ಮನೆ ಬಿಡಿಸಿದೀನಿ... ಒಂದರಲ್ಲೂ ನನಗೆ ಬಾ ಅನ್ನೋರಿಲ್ಲ.'

ಮರುದಿನ ಮಧ್ಯಾಹ್ನ ಮೇಸ್ತ್ರಿ ಮತ್ತೆ ಬಂದ. ಈ ಸಲ ಬಾಗಿಲಲ್ಲೇ ನಿಂತ.

"ನಿನ್ನೆ ಸ್ವಲ್ಪ ಜಾಸ್ತಿ ಆಯ್ತು ಮೇಡಂ. ಮುಂದಿನ ಮನೇದು ಕಟ್ಟೋಕೆ ಮುಂಚೆ ಒಮ್ಮೆ ತೋರಿಸ್ತೀರಾ?"

ತೋರಿಸಿದಳು. ಅವನು ಕುರ್ಚಿ ಎಳೆದುಕೊಂಡು ಕೂತು, ಪರದೆಗೆ ಬೆರಳು ತಾಗಿಸದೆ ಹೇಳಿದ. "ಈ ಎರಡು ಕಂಬದ ಮಧ್ಯೆ ಸುತ್ತಿಗೆ ಬೀಸೋಕೆ ಜಾಗ ಎಲ್ಲಿದೆ? ನನ್ನ ಕೈ ಏನು ಚಮಚಾನಾ?"

ಅವಳಿಗೆ ನಗು ಬಂತು. ಎಷ್ಟು ದಿನವಾಗಿತ್ತು ನಕ್ಕು! ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು.

ಆಮೇಲೆ ದಿನಾ ಬಂದ. ಭಾರ ಮಾಡಿನಿಂದ ಪಾಯದವರೆಗೆ ಹೇಗೆ ಇಳಿಯುತ್ತದೆ ಎಂದು ಹೇಳಿಕೊಟ್ಟ. ಇಬ್ಬರು ತಂಗಿಯರನ್ನು ದಡ ಸೇರಿಸುವುದರಲ್ಲಿ ತನ್ನ ಮದುವೆಯ ವಯಸ್ಸು ಜಾರಿಹೋದದ್ದನ್ನೂ ಒಂದು ದಿನ ಹಾಗೇ ಮಾತಿನ ನಡುವೆ ಹೇಳಿದ. ಎರಡು ಗಂಟೆಯಾದರೆ ಅವಳ ಕಿವಿ ಮೆಟ್ಟಿಲ ಕಡೆಗೇ ಇರುತ್ತಿತ್ತು.

ಹೀಗಿರುವಾಗ ಒಮ್ಮೆ ಅವಳಿಗೆ ಜ್ವರ ಬಂತು. ಎರಡು ದಿನ ಕೋಣೆಯಲ್ಲಿ ಒಬ್ಬಳೇ ಮಲಗಿದ್ದಳು. ನೀರು ಬೇಕೆಂದರೂ ತಾನೇ ಗೋಡೆ ಹಿಡಿದು ಏಳಬೇಕು. ಪಕ್ಕದ ಮನೆಯಲ್ಲಿ ಯಾರೋ ಯಾರನ್ನೋ ಊಟಕ್ಕೆ ಕರೆಯುವ ಸದ್ದು ಗೋಡೆಯಾಚೆಯಿಂದ ಕೇಳುತ್ತಿತ್ತು. 'ಎರಡು ಗಂಟೆಗೆ ಅವರು ಬಂದು ನನ್ನ ಕುರ್ಚಿ ಖಾಲಿ ನೋಡಿರ್ತಾರೆ... ವಿಚಾರಿಸಿರ್ತಾರಾ?'

ಮೂರನೇ ದಿನ ಕಚೇರಿಗೆ ಕಾಲಿಟ್ಟಾಗ ಒಳಗೆ ಬಿರುಗಾಳಿ ಎದ್ದಿತ್ತು. ಹೊಸ ಮನೆಯ ಮಾಲೀಕರು ಯಜಮಾನರ ಎದುರು ಕೂಗಾಡುತ್ತಿದ್ದರು.

"ನಾನು ಕೇಳಿದ್ದು ಆರಡಿ ಅಗಲದ ಕಿಟಕಿ! ಇವರು ಒಂದು ಗೇಣು ಕಮ್ಮಿ ಮಾಡಿದ್ದಾರೆ. ಯಾರನ್ನ ಕೇಳಿ?"

ಮೇಸ್ತ್ರಿ ಕೈಕಟ್ಟಿ ನಿಂತಿದ್ದ. ಯಜಮಾನರು ಅವಳ ಕಡೆ ತಿರುಗಿದರು. "ನಿನ್ನ ನಕ್ಷೇಲಿ ಎಷ್ಟಿದೆ?"

ಅವಳು ಮಾಡೆಲ್ ತೆರೆದಳು. "ಆರಡಿ ಸಾರ್. ಬದಲಾಯಿಸೋಕೆ ನಾನು ಹೇಳಿಲ್ಲ."

ಹೇಳಿದ ಮೇಲೆ ಅವನ ಮುಖ ನೋಡಿದಳು. 'ನನ್ನ ಕೆಲಸ ಇವರಿಗೆ ಇಷ್ಟು ಸದರವಾಯ್ತಾ? ಒಂದು ಮಾತು ಕೇಳ್ಬಾರದಿತ್ತಾ?'

ಅವನು ಒಂದು ಕ್ಷಣ ಅವಳನ್ನೇ ನೋಡಿದ.

"ನಂದೇ ತಪ್ಪು ಸಾರ್."

ಅಷ್ಟೇ! ತಿರುಗಿ ಮೆಟ್ಟಿಲಿಳಿದು ಹೋದ. ಯಜಮಾನರು ಅವತ್ತಿನಿಂದಲೇ ಅವನಿಗೆ ಕೆಲಸ ಕೊಡುವುದನ್ನು ನಿಲ್ಲಿಸಿದರು.

ಎರಡು ಗಂಟೆ ದಿನಾ ಬರುತ್ತಿತ್ತು, ಅವನು ಬರುತ್ತಿರಲಿಲ್ಲ. ಊಟದ ಡಬ್ಬಿ ಮುಚ್ಚಳ ತೆಗೆದು ಹಾಗೇ ಕೂರುತ್ತಿದ್ದಳು. ಅಕ್ಕ ಫೋನಿನಲ್ಲಿ, "ದನಿ ಯಾಕೇ ಹೀಗಿದೆ?" ಎಂದರೆ, "ನೆಗಡಿ" ಎನ್ನುತ್ತಿದ್ದಳು. ಮೂರು ವಾರದ ನೆಗಡಿ!

ನಾಲ್ಕನೇ ವಾರ ಯಜಮಾನರು ಅವಳನ್ನು ಆ ಮನೆಗೇ ಕಳಿಸಿದರು. "ಮಾಲೀಕರು ಹೇಗೋ ಒಪ್ಪಿದ್ರು. ಕಿಟಕಿ ಈಗ ಹೇಗಿದೆಯೋ ಹಾಗೇ ಅಳತೆ ತಗೊಂಡು ಮಾಡೆಲ್ ಸರಿಪಡಿಸಮ್ಮ."

ಅವಳು ಟೇಪು ಹಿಡಿದು ಅಳೆದಳು. ಕಿಟಕಿಯ ಎರಡೂ ಬದಿಗೆ ಒಂದೊಂದು ಹೆಚ್ಚಿನ ಕಂಬ. ಕಿಟಕಿಯ ಮೇಲೆ ಅವಳು ಹಾಕಿದ್ದ ತೆಳು ಪಟ್ಟಿಯ ಬದಲು ದಪ್ಪನೆಯ ಜೋಡಿ ತೊಲೆ.

ಕಚೇರಿಗೆ ಬಂದು ಅವನ್ನು ಮಾಡೆಲ್‌ನಲ್ಲಿ ಒಂದೊಂದಾಗಿ ಕೂರಿಸಿದಳು. ಅವನು ಕಲಿಸಿದಂತೆಯೇ ಮಾಡಿನ ತುದಿಯಿಂದ ಭಾರದ ದಾರಿ ಹಿಡಿದು ಕೆಳಗಿಳಿದಳು. ಮಾಡಿನ ನಡುತೊಲೆ... ಅದರ ಕೆಳಗೆ ಕಂಬ... ಕಂಬದ ಕೆಳಗೆ ಜೋಡಿ ತೊಲೆ... ಎರಡು ಬದಿಗೆ ಹಂಚಿ, ಪಾಯಕ್ಕೆ.

ಅನುಮಾನದಿಂದ ಅವನ ಮರಗಳನ್ನು ಅಳಿಸಿ, ತನ್ನ ಹಳೆಯ ನಕ್ಷೆಯನ್ನು ತೆರೆದಳು.

ನಡುತೊಲೆ. ಕಂಬ. ಆಮೇಲೆ... ಗಾಜು!

ಮಾಲೀಕರು ಕೊನೆಗಳಿಗೆಯಲ್ಲಿ ಕಿಟಕಿ ಅಗಲಿಸಿ ಎಂದಾಗ ಅವಳು ಅಗಲಿಸಿದ್ದಳು. ಮೇಲಿನ ಕಂಬಕ್ಕೆ ಕೆಳಗೆ ಆಸರೆಯಿಲ್ಲದ್ದನ್ನು ನೋಡಿರಲಿಲ್ಲ. ಇಡೀ ಮಾಡಿನ ಭಾರ ಆ ತೆಳು ಪಟ್ಟಿಯ ಮೇಲೆ! ಕಿಟಕಿಯ ಪಕ್ಕ ಮಕ್ಕಳ ಮಂಚಕ್ಕೆ ಜಾಗ ಬಿಟ್ಟಿದ್ದವಳೂ ಅವಳೇ.

'ಅಯ್ಯೋ... ಅವರು ನನ್ನ ತಪ್ಪನ್ನ ತಿದ್ದಿದ್ರು. ನಾನು ಅವರನ್ನೇ ತಪ್ಪಿತಸ್ಥರನ್ನಾಗಿ ಮಾಡಿದೆ!'

ಎದ್ದು ಸೀದಾ ಯಜಮಾನರ ಕೋಣೆಗೆ ಹೋದಳು. ಎಲ್ಲ ಹೇಳಿದಳು.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದನ್ನ ಬಾಯಿಬಿಟ್ಟು ಹೇಳಿದೀಯ, ಅದಕ್ಕೆ ಉಳ್ಕೊಂಡೆ. ಇನ್ನು ಆರು ತಿಂಗಳು ನಿನ್ನ ನಕ್ಷೆ ಒಂದೂ ನಾನು ನೋಡದೆ ಹೊರಗೆ ಹೋಗಲ್ಲ. ಆ ಮೇಸ್ತ್ರಿಗೆ ನಾನೇ ಫೋನ್ ಮಾಡ್ತೀನಿ."

"ಬೇಡ ಸಾರ್. ನಾನೇ ಹೋಗ್ತೀನಿ."

ಊರಾಚೆ ಒಂದು ತಗಡಿನ ಶೆಡ್ಡಿನಲ್ಲಿ ಅವನು ಒಬ್ಬನೇ ಶಾಲೆಯ ಬೆಂಚನ್ನು ಉಜ್ಜುಕೊರಡಿನಿಂದ ಹೆರೆದು ನಯ ಮಾಡುತ್ತಿದ್ದ. ಅವಳನ್ನು ಕಂಡು ಕೈ ನಿಂತಿತು.

"ಮೇಡಂ... ನೀವು ಇಲ್ಲಿ?"

"ಯಾಕೆ ಸುಮ್ಮನಿದ್ರಿ?" ಕ್ಷಮೆ ಕೇಳಬೇಕೆಂದು ಬಂದವಳ ಬಾಯಿಂದ ಬಂದದ್ದು ಸಿಟ್ಟು! "ತಪ್ಪು ಇವಳದು ಅಂತ ಒಂದು ಮಾತು ಹೇಳೋಕೆ ಏನಾಗಿತ್ತು?"

"ಹೇಳೋಕೇ ಬಂದಿದ್ದೆ. ನಿಮ್ಮ ಕುರ್ಚಿ ಖಾಲಿ ಇತ್ತು. ಜ್ವರ ಅಂದ್ರು. ಮಾಡು ಏರಿಸೋ ದಿನ, ಕೆಲಸ ನಿಲ್ಲಿಸೋ ಹಾಗಿರಲಿಲ್ಲ. ಆಮೇಲೆ ಎಲ್ಲರೆದುರು ಹೇಳಿದ್ರೆ..." ಅವನು ತಲೆ ತಗ್ಗಿಸಿದ. "ಯಜಮಾನರು ಅವತ್ತೇ ಹೇಳಿದ್ರಲ್ಲ, ಇನ್ನೊಂದು ತಪ್ಪಾದ್ರೆ ಅಂತ. ನನಗೆ ಇನ್ನೊಂದು ಕಡೆ ಕೆಲಸ ಸಿಗುತ್ತೆ. ನಿಮಗೆ ಆ ಕೆಲಸ ಬಿಟ್ರೆ ಬೇರೆ ಏನಿದೆ ಅನ್ನಿಸ್ತು."

"ನೀವಿದ್ರಿ!"

ಮಾತು ಆಡಿದ ಮೇಲೆ ಅವಳಿಗೇ ಗಾಬರಿಯಾಯಿತು. ಆದರೆ ಇನ್ನು ತಡೆಯಲಾಗಲಿಲ್ಲ. ಕಣ್ಣೀರು ಧಾರೆಯಾಗಿ ಇಳಿಯಿತು.

"ಬೈಸ್ಕೋತಿದ್ದೆ. ಕೆಲಸ ಹೋದ್ರೆ ಇನ್ನೊಂದು ಹುಡುಕ್ತಿದ್ದೆ. ನನ್ನ ಕೆಲಸ ಉಳಿಸೋಕೆ ಹೋಗಿ, ನನ್ನ ಜೊತೆ ಮಾತಾಡೋ ಒಬ್ಬರೇ ಒಬ್ಬರನ್ನ ಕಿತ್ಕೊಂಡು ಹೋದ್ರಲ್ಲ... ಇದು ಯಾವ ಸೀಮೆ ಉಪಕಾರ?"

ಅವನು ಉಜ್ಜುಕೊರಡನ್ನು ಮೆಲ್ಲಗೆ ಕೆಳಗಿಟ್ಟ. ಹೊಟ್ಟು ಮೆತ್ತಿದ ಕೈಯನ್ನು ಅಂಗಿಗೆ ಒರೆಸಿಕೊಂಡ, ಆದರೂ ಮುಟ್ಟಲು ಹಿಂಜರಿದ. ಅವಳೇ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನೀವು ನನ್ನ ಮುಖ ನೋಡಲ್ಲ ಅಂದ್ಕೊಂಡಿದ್ದೆ," ಎಂದ. ದನಿ ಒಡೆದಿತ್ತು. "ಎರಡು ಸಲ ನಿಮ್ಮ ಕಚೇರಿ ಬೀದಿವರೆಗೂ ಬಂದು ವಾಪಸ್ ಹೋಗಿದೀನಿ."

"ಹತ್ತಿ ಬರಬಾರದಿತ್ತಾ..."

"ಧೈರ್ಯ ಬರಲಿಲ್ಲ."

ಹೊರಗೆ ಸಂಜೆಯ ಬಿಸಿಲು ತಗಡಿನ ಮೇಲಿಂದ ಜಾರುತ್ತಿತ್ತು.

"ನಾಳೆ ಬರ್ತೀರಾ?" ಕೇಳಿದಳು.

"ಯಜಮಾನರು ಒಪ್ಪಿದ್ರೆ..."

"ಅವರ ಕೆಲಸಕ್ಕೆ ಅಲ್ಲ."

"ಮತ್ತೆ?"

"ನನಗೋಸ್ಕರ."

ಅವನು ಗೂಟಕ್ಕೆ ತೂಗುಹಾಕಿದ್ದ ಚೀಲವನ್ನು ಹೆಗಲಿಗೇರಿಸಿ, ಶೆಡ್ಡಿನ ಬೀಗ ಹುಡುಕತೊಡಗಿದ.

"ಹಾಗಾದ್ರೆ ನಾಳೆವರೆಗೂ ಯಾಕೆ ಕಾಯೋದು? ನಡೀರಿ, ಈಗಲೇ ಬರ್ತೀನಿ."