ಗಣಿಯ ಕೆಳಗಿನ ತಿಳಿನೀರು

ನ್ಯೂಜಿಲೆಂಡಿನ ವೆಸ್ಟ್ ಕೋಸ್ಟ್‌ನಲ್ಲಿ, ಗುಡ್ಡದ ನೆತ್ತಿಯನ್ನೇ ಕೆತ್ತಿ ಕಲ್ಲಿದ್ದಲು ತೆಗೆದ ಗಣಿಯ ಕೆಳಗೆ, ತುಕ್ಕು ಬಣ್ಣದ ತೊರೆಯೊಂದಿದೆ. ಅದರ ನೀರಿನ ಪರೀಕ್ಷೆ ನನ್ನ ಕೆಲಸ. ಅಂದು ಮಟಮಟ ಮಧ್ಯಾಹ್ನ ಬಾಟಲಿ ಅದ್ದಿದಾಗ ತಣ್ಣನೆಯದೇನೋ ಮಣಿಕಟ್ಟಿಗೆ ಸುತ್ತಿಕೊಂಡು ಜಾರಿಹೋಯಿತು.

"ಮಯೂರ್, ಇಲ್ಲಿ ಹಾವುಮೀನಿದೆ ಕಣೋ!"

"ತಲೆ ಕೆಟ್ಟಿದ್ಯಾ ನಿಂಗೆ? ಈ ಆ್ಯಸಿಡ್ ನೀರಲ್ಲಿ ಹುಳಾನೂ ಬದುಕಲ್ಲ," ಎಂದ ಜೊತೆಗೆ ಬಂದಿದ್ದ ಸಹೋದ್ಯೋಗಿ.

ನನ್ನ ಮಣಿಕಟ್ಟಿನ ತುಂಬ ಲೋಳೆ ಮೆತ್ತಿತ್ತು. ಬಾಟಲಿಯಲ್ಲಿದ್ದದ್ದು ತಿಳಿನೀರು. ಲ್ಯಾಬ್‌ನಲ್ಲೂ ಅದು ಶುದ್ಧವೆಂದೇ ಬಂತು. ಆಮೇಲೆ ಅದೇ ಜಾಗದಿಂದ ಒಂಬತ್ತು ಸಲ ನೀರು ತಂದೆ. ಒಂಬತ್ತೂ ಸಲ ಕೆಂಪು, ಹುಳಿ.

ಗಣಿಯವರು ಮೊದಲ ಬಾಟಲಿಯ ವರದಿಯನ್ನಷ್ಟೇ ಎತ್ತಿಕೊಂಡರು. ತೊರೆ ಚೇತರಿಸಿಕೊಂಡಿದೆ ಎಂದು ಹೇಳಿ, ನೀರಿನ ಹುಳಿ ಮುರಿಯಲು ಹಾಕುತ್ತಿದ್ದ ಸುಣ್ಣವನ್ನೂ ನಿಲ್ಲಿಸಿದರು. ಆ ವರದಿಯ ಕೆಳಗಿರುವುದು ನನ್ನದೇ ಸಹಿ.