ದೊಡ್ಡಪ್ಪನ ಉಸಿರಿನ ಚಿತ್ರ

ಅರಳಗುಪ್ಪೆಯ ನಮ್ಮ ದೊಡ್ಡಪ್ಪ ರಂಗಣ್ಣನಿಗೆ ಕೊಬ್ಬರಿ ಒಣಗಿಸುವ ಅಟ್ಟದ ಹೊಗೆ ಕುಡಿದು ಕುಡಿದು ಏದುಸಿರು. ೨೦೦೬ರಲ್ಲಿ ಪರೀಕ್ಷೆಗೆಂದು ಬೆಂಗಳೂರಿನ ಒಂದು ಪ್ರಯೋಗಾಲಯಕ್ಕೆ ಕರೆದೊಯ್ದೆ. ಅಲ್ಲಿ ಲೇಸರ್ ಬೆಳಕಿನಲ್ಲಿ ಪಳಗಿಸಿದ ಕ್ಸೆನಾನ್ ಅನಿಲವನ್ನು ಉಸಿರಿನಲ್ಲಿ ಎಳೆದುಕೊಂಡು ಎಂಆರ್‌ಐ ಯಂತ್ರದೊಳಗೆ ಮಲಗಬೇಕು. ಅನಿಲ ಹೋದಲ್ಲೆಲ್ಲ ಶ್ವಾಸಕೋಶ ಪರದೆಯ ಮೇಲೆ ಬೆಳ್ಳಗೆ ಕಾಣುತ್ತದೆ. ಅರೆ ನಿಮಿಷದೊಳಗೆ ಆ ಹೊಳಪು ಆರಿಹೋಗುತ್ತದೆ.

“ಮೈಮೇಲೆ ಲೋಹ ಇರಬಾರದು,” ಎಂದು ತಂತ್ರಜ್ಞ ದೊಡ್ಡಪ್ಪನ ಉಡಿದಾರದ ತಾಯಿತಕ್ಕೆ ಕತ್ತರಿ ಹಿಡಿದ.

ದೊಡ್ಡಪ್ಪ ನನ್ನ ಕಡೆ ತಿರುಗಿದ: “ಅಟ್ಟದಾಗೆ ಅದು ನನ್ನ ಹಿಡ್ಕಂಡಾಗ ನಮ್ಮವ್ವ ಕಟ್ಟಿದ್ದು ಕಣವ್ವ. ಬ್ಯಾಡ ಅನ್ನು!”

ಅಟ್ಟದಲ್ಲಿರುವುದಕ್ಕೆ ಮನುಷ್ಯರ ಉಸಿರೇ ಊಟವೆಂದು ಅಜ್ಜಿ ನನಗೂ ಕಥೆ ಹೇಳಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ದಾರ ತುಂಡಾಗಿತ್ತು.

ದೊಡ್ಡಪ್ಪ ಯಂತ್ರದೊಳಗೆ ಮಲಗಿದ; ಚಿತ್ರ ಬೆಳ್ಳಗೆ ಮೂಡಿತು. ದೊಡ್ಡಪ್ಪ ಹೊರಬಂದು ನನ್ನ ಪಕ್ಕ ಕೂತು ನೀರು ಕುಡಿದ. ಅವನ ಕೈ ಬಾವಿಯ ಕಲ್ಲಿನಂತೆ ತಣ್ಣಗಿತ್ತು. ಗಾಜಿನಾಚೆ ಯಂತ್ರದ ಮಂಚ ಖಾಲಿಯಿತ್ತು. ಪರದೆಯಲ್ಲಿ ಮಾತ್ರ ಆ ಎರಡು ಶ್ವಾಸಕೋಶಗಳು ಇನ್ನೂ ಹೊಳೆಯುತ್ತ, ಹಿಗ್ಗಿ ಕುಗ್ಗುತ್ತಿದ್ದವು. ತಂತ್ರಜ್ಞ ಸ್ವಿಚ್ಚಿಗೆ ಕೈ ಚಾಚಿದ. ಆಚೆಯ ಆ ಖಾಲಿ ಕೋಣೆಯ ಮೈಕಿನಿಂದ ಹೊಗೆ ಹಿಡಿದ ಗಂಟಲೊಂದು ಗದರಿತು:

“ಮುಟ್ಟುದ್ರೆ ನಿಂದೂ ಕಿತ್ಕತೀನಿ ಕಣ್ಲಾ.”

ದೊಡ್ಡಪ್ಪ ಈಗಲೂ ತೋಟಕ್ಕೆ ಹೋಗುತ್ತಾನೆ, ಉಣ್ಣುತ್ತಾನೆ, ಮಾತಾಡುತ್ತಾನೆ. ಏದುಸಿರು ಪೂರ್ತಿ ನಿಂತಿದೆ. ಆದರೆ ಅವನ ಎದೆ ಏರಿಳಿಯುವುದನ್ನು ಅಂದಿನಿಂದ ಮನೆಯಲ್ಲಿ ಯಾರೂ ಕಂಡಿಲ್ಲ.